ಸೋತ ಬಾಟಲಿ

ನನ್ನ ತವರು ಚನ್ನಗಿರಿ, ಕೊಟ್ಟಿದ್ದು ಹೊನ್ನಾಳಿಗೆ. ನಾದಿನಿ ಇರೋದು ನ್ಯಾಮತಿಯಲ್ಲಿ, ತಂಗಿ ಜಗಳೂರಲ್ಲಿ. ಬೇಸಿಗೆ ರಜೆ ಬಂತೆಂದರೆ ಮೂರೂ ಕಡೆಯ ಮಕ್ಕಳು ನಮ್ಮನೆಗೆ ದಂಡು ಬರುತ್ತವೆ. ಆ ವರ್ಷ ಮೊಬೈಲುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅಡಿಗೆಮನೆಯೇ ನಮ್ಮ ಲ್ಯಾಬು ಆಯ್ತು.

ಮೊದಲ ದಿನ ಆರತಿ ನೀರು. ಅರಿಶಿನದ ನೀರಿಗೆ ಚಿಟಿಕೆ ಎಲೆಸುಣ್ಣ ಹಾಕಿದ್ರೆ ಕಡುಗೆಂಪು. ಅದಕ್ಕೆ ನಿಂಬೆರಸ ಹಿಂಡಿದ್ರೆ ಮತ್ತೆ ಹಳದಿ. ಸುಣ್ಣ ಮಾತ್ರ ನಾನೇ ಹಾಕಿದೆ, ಕಣ್ಣಿಗೆ ಬಿದ್ರೆ ಕಷ್ಟ. ಅರಿಶಿನ ಕ್ಷಾರ ಕಂಡ್ರೆ ಕೆಂಪಾಗುತ್ತೆ, ಹುಳಿ ಕಂಡ್ರೆ ತನ್ನ ಬಣ್ಣಕ್ಕೆ ವಾಪಸ್ ಬರುತ್ತೆ ಅಂತ ಹೇಳಿದೆ. ಕೇಳೋರ್‍ಯಾರು? ಹುಳಿ ಮಜ್ಜಿಗೆ, ಹುಣಸೆಹಣ್ಣು, ಸೋಪಿನ ನೀರು ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದು ನೋಡಿದರು.

ಎರಡನೇ ದಿನ ನೀರಿನ ಪಂದ್ಯ. ಬರುವಾಗಲೇ ಅವರವರ ಮನೆ ನೀರನ್ನು ಒಂದೊಂದು ಬಾಟಲಿ ತರಬೇಕು ಅಂತ ಹೇಳಿದ್ದೆ. ಚನ್ನಗಿರಿಯದು ಅಡಿಕೆ ತೋಟದ ಬೋರಿನ ನೀರು, ನ್ಯಾಮತಿಯದು ಬಾವಿ ನೀರು, ಜಗಳೂರಿನದು ಬೋರಿನದು. ನಮ್ಮದು ತುಂಗಭದ್ರೆ. ನಾಲ್ಕು ಒಂದೇ ಥರದ ಬಾಟಲಿಗೆ ಅರ್ಧರ್ಧ ನೀರು, ಬಟ್ಟೆ ಸೋಪಿನ ತುರಿ ಒಂದೊಂದು ಚಮಚ, ಇಪ್ಪತ್ತು ಸಲ ಕುಲುಕು. ಹೊಳೆ ನೀರಿನಲ್ಲಿ ನೊರೆ ಕುತ್ತಿಗೆವರೆಗೂ ಬಂತು. ಜಗಳೂರಿನ ಬಾಟಲಿಯಲ್ಲಿ ನೊರೆಯೇ ಇಲ್ಲ, ಮೇಲೆ ಬೂದು ಬಣ್ಣದ ಕೆನೆ ಕಟ್ಟಿತು. ಗಡಸು ನೀರಿನ ಸುಣ್ಣದಂಶ ಸೋಪನ್ನೇ ಹಿಡಿದು ಒಡೆದುಹಾಕುತ್ತೆ.

ಹುಡುಗರು ಹೋ ಅಂತ ನಕ್ಕರು. ತಂಗಿ ಮಗಳಿಗೆ ಆಗ ಹತ್ತು ವರ್ಷ. "ನಮ್ಮೂರ್ ನೀರು ಸೋತೋಯ್ತು ಅಲ್ವಾ ದೊಡ್ಡಮ್ಮ?" ಅಂದವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಫೋಟೋದಲ್ಲೂ ನಗೋದಿಲ್ಲ. ಪಂದ್ಯ ಅಂತ ಹೆಸರಿಟ್ಟ ನನ್ನ ಬಾಯಿಗೇ ನಾನು ಹೊಡ್ಕೋಬೇಕು ಅನ್ನಿಸ್ತು.

ಅವಳ ಉಳಿದ ನೀರನ್ನು ಪಾತ್ರೆಗೆ ಹಾಕಿ ಚೆನ್ನಾಗಿ ಕುದಿಸಿದೆವು. ಆರಿದ ಮೇಲೆ ತಳದಲ್ಲಿ ತೆಳ್ಳಗೆ ಬಿಳಿ ಪದರ. ಮೇಲಿನ ತಿಳಿನೀರನ್ನು ಬಗ್ಗಿಸಿ ಮತ್ತೆ ಸೋಪು ಹಾಕಿ ಕುಲುಕಿದರೆ ಈ ಸಲ ಒಂದಿಷ್ಟು ನೊರೆ ಬಂತು. ತಳದ ಬಿಳಿಗೆ ನಿಂಬೆರಸ ಬಿಟ್ಟಾಗ ಸಣ್ಣಗೆ ಗುಳ್ಳೆ ಎದ್ದವು. "ನಮ್ಮನೆ ಹಂಡೆ ಒಳಗೂ ಹಿಂಗೇ ಐತೆ, ಅದಕ್ಕೇ ಬೇಳೆ ಬೇಯಂಗಿಲ್ಲ, ಅಮ್ಮ ಚಿಟಿಕೆ ಸೋಡಾ ಹಾಕ್ತಾಳೆ" ಅಂತ ಅವಳೇ ಉಳಿದವರಿಗೆ ಪಾಠ ಹೇಳಿದಳು. ಅಂಥ ಗುಳ್ಳೆ ನಮ್ಮ ಹೊಳೆ ನೀರಿನಿಂದ ಬರಲೇ ಇಲ್ಲ.

ರಾತ್ರಿ ಪಕ್ಕದಲ್ಲಿ ಮಲಗಿದಾಗ ಮೆಲ್ಲಗೆ ಕೇಳಿದಳು. "ದೊಡ್ಡಮ್ಮ, ದಿನಾ ಕುದಿಸಿ ಕುಡಿದ್ರೆ ಹಲ್ಲು ಬೆಳ್ಳಗಾಗ್ತವಾ?"

ಸುಳ್ಳು ಹೇಳೋದು ಸುಲಭವಿತ್ತು. ಹೇಳಲಿಲ್ಲ. ಹಲ್ಲಿನ ಕಲೆಗೆ ಕಾರಣ ಗಡಸುತನ ಅಲ್ಲ ಪುಟ್ಟಿ, ಫ್ಲೋರೈಡು. ಕಲ್ಲಿನ ಪದರದಿಂದ ಬೋರಿನ ನೀರಿಗೆ ಇಳಿಯುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ. ಅದಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ, ಸೋಪಿಗೂ ಸಿಗಲ್ಲ. ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಹೆಚ್ಚುತ್ತೆ. ನಮ್ಮ ಅಡಿಗೆಮನೆ ಲ್ಯಾಬಿಗೆ ಅದನ್ನು ಹಿಡಿಯೋ ಶಕ್ತಿ ಇಲ್ಲ. ಆಗಿರೋ ಕಲೆ ತಾನಾಗಿ ಹೋಗಲ್ಲ, ದೊಡ್ಡವಳಾದ ಮೇಲೆ ಡಾಕ್ಟ್ರು ಮೇಲ್ಗಡೆ ಸರಿಮಾಡ್ತಾರೆ. ಆದ್ರೆ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆ ಆಗೋದು.

ಬಹಳ ಹೊತ್ತು ಸುಮ್ಮನಿದ್ದಳು. ನಿದ್ದೆ ಹೋದಳು ಅಂದುಕೊಂಡೆ.

"ಹಂಗಾದ್ರೆ ತಮ್ಮನ ದೊಡ್ಡ ಹಲ್ಲು ಇನ್ನೂ ಒಳಗೇ ಅದಾವಲ್ವಾ?"

ಅವನಿಗಾಗ ಮೂರು ವರ್ಷ.

ಊರಿಗೆ ಹೋದ ವಾರಕ್ಕೆ ತಂಗಿ ಫೋನ್ ಮಾಡಿದಳು. "ಅಕ್ಕಾ, ಏನ್ ಹೇಳ್ಕೊಟ್ಟೆ ಇವಳಿಗೆ? ದಿನಾ ಶುದ್ಧ ನೀರಿನ ಘಟಕಕ್ಕೆ ಕೊಡ ತಗೊಂಡು ಹೋಗ್ತಾಳೆ. ಕುಡಿಯೋಕಷ್ಟೇ ಅಲ್ಲ, ಸಾರಿಗೂ ಅದೇ ಹಾಕ್ಬೇಕಂತೆ. ಬೋರಿನ ನೀರು ಹಾಕಿದ್ರೆ ತಮ್ಮಂಗೆ ಉಣ್ಣಾಕೆ ಬಿಡಂಗಿಲ್ಲ!"

ಈಗ ನಮ್ಮ ಲ್ಯಾಬಿನಲ್ಲಿ ಪಂದ್ಯ ಅನ್ನೋ ಮಾತಿಲ್ಲ. ಬಾಟಲಿಗಳ ಮೇಲೆ ಊರಿನ ಹೆಸರಷ್ಟೇ ಬರೀತೀವಿ.