ನಾಲ್ಕನೆಯ ವೇಗ ಮಾತ್ರ

ನನ್ನ ಕಾರು ಒಂದು ಲೇಖನಕ್ಕೆ ವಸ್ತುವಾಗುವಷ್ಟು ದೊಡ್ಡದೇನೂ ಅಲ್ಲ. ಹದಿನಾಲ್ಕು ವರ್ಷದ ಹಳೆಯ ಗಾಡಿ; ಮೇಲೂರಿನ ನಮ್ಮ ಮನೆಯ ಮುಂದಿನ ಹೊಂಗೆಮರದ ಕೆಳಗೆ ವಾರದಲ್ಲಿ ಐದು ದಿನ ಸುಮ್ಮನೆ ನಿಂತಿರುತ್ತದೆ. ಆದರೆ ಕಳೆದ ಬೇಸಿಗೆಯಲ್ಲಿ ಅದರ ಎ.ಸಿ. ಫ್ಯಾನಿನ ನೆಪದಿಂದ, ಮೂವತ್ತು ವರ್ಷಗಳ ಹಿಂದೆ ನಾನು ತಿದ್ದಿದ ಒಂದು ಉತ್ತರಪತ್ರಿಕೆ ಮತ್ತೆ ನನ್ನ ಕೈಗೆ ಬಂದಂತಾಯಿತು. ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳು, ಅದರಲ್ಲೂ ಕೊನೆಯ ಬೆಂಚಿನವರು, ತಾಳ್ಮೆಯಿಂದ ಓದಬೇಕೆಂದು ಕೋರಿಕೆ.

ಫ್ಯಾನಿಗೆ ನಾಲ್ಕು ವೇಗಗಳಿವೆ. ದೀಪಾವಳಿಯ ಸುಮಾರಿಗೆ ಮೊದಲ ಎರಡು ನಿಂತುಹೋದವು. ಚಳಿಗಾಲವಾದ್ದರಿಂದ ನಾನು ಲಕ್ಷ್ಯ ಕೊಡಲಿಲ್ಲ. ಶಿವರಾತ್ರಿ ಕಳೆದ ಮೇಲೆ ಮೂರನೆಯದೂ ಹೋಯಿತು. ಉಳಿದದ್ದು ನಾಲ್ಕನೆಯದೊಂದೇ. ಗುಂಡಿ ತಿರುಗಿಸಿದರೆ ಒಂದು, ಎರಡು, ಮೂರರವರೆಗೆ ಮೌನ. ನಾಲ್ಕಕ್ಕೆ ಬಂದೊಡನೆ ಬಿರುಗಾಳಿ. ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ತೋರಿಸಿದೆ. ಮೋಟಾರು ದುರ್ಬಲವಾಗಿದೆ, ಕಡಿಮೆ ವೇಗದಲ್ಲಿ ತಿರುಗಲು ಅದಕ್ಕೆ ಶಕ್ತಿ ಸಾಲುತ್ತಿಲ್ಲ, ಹೊಸದು ಹಾಕಬೇಕು, ಆರೂವರೆ ಸಾವಿರವಾಗುತ್ತದೆ ಎಂದರು. ನಾನು ತಲೆಯಾಡಿಸಿ, ಮುಂದಿನ ತಿಂಗಳು ಬರುತ್ತೇನೆಂದು ಹೇಳಿ ಬಂದೆ. ಮೂವತ್ತೆರಡು ವರ್ಷ ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಹೇಳಿದವನಿಗೆ ಆ ಮಾತಿನಲ್ಲಿ ಏನೋ ತಪ್ಪಿದೆಯೆಂದು ಹೊಳೆಯಲೇ ಇಲ್ಲ.

ಸೆಖೆಯನ್ನಾದರೆ ನಾನು ಸಹಿಸಿಕೊಳ್ಳುತ್ತಿದ್ದೆ. ತೊಂದರೆ ಬಂದದ್ದು ಹುಳುವಿಗೆ. ನನ್ನ ತಮ್ಮ ರೇಷ್ಮೆ ಬೆಳೆಯುತ್ತಾನೆ. ನಮ್ಮ ಕಡೆ ಬೆಳೆಯದವರು ಯಾರು? ಚಾಕಿ ಕೇಂದ್ರದಿಂದ ಎರಡನೆಯ ಜ್ವರದ ಹುಳುಗಳನ್ನು ತರಬೇಕಾದಾಗ, ಬೇರೆ ಗಾಡಿ ಸಿಗದಿದ್ದರೆ, ಟ್ರೇಗಳು ನನ್ನ ಕಾರಿನ ಹಿಂದಿನ ಸೀಟಿಗೆ ಏರುತ್ತವೆ. ದೂರದ ಊರುಗಳಲ್ಲಿರುವ ಮೊಮ್ಮಕ್ಕಳಿಗಾಗಿ ಒಂದು ಮಾತು: ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರು, ಐನೂರು ತತ್ತಿಗಳು. ನಾವು ತರುವುದು 50 ಮೊಟ್ಟೆಯ ಹುಳು. ಸುಮಾರು ಇಪ್ಪತ್ತು ಸಾವಿರ ಜೀವಗಳು, ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಎಳೆಯ ಹುಳುವಿಗೆ 26ರಿಂದ 28 ಡಿಗ್ರಿ ಶಾಖವೂ ಗಾಳಿಯಲ್ಲಿ ತೇವವೂ ಬೇಕು. ತಂಪುಹೊತ್ತಿನಲ್ಲಿ ಸಾಗಿಸಬೇಕೆಂಬ ನಿಯಮವಿದ್ದರೂ ಎಷ್ಟೋ ಸಲ ಹೊತ್ತು ಏರಿಬಿಡುತ್ತದೆ. ಕಿಟಕಿ ತೆರೆದರೆ ಬಿಸಿಗಾಳಿ, ಧೂಳು. ಎ.ಸಿ. ಹಾಕಿದರೆ ನಾಲ್ಕನೆಯ ವೇಗ. ಆ ರಭಸದ ಒಣಗಾಳಿಗೆ ಟ್ರೇಯ ಸೊಪ್ಪು ಬಾಡಿ ಸುರುಟಿಕೊಳ್ಳುತ್ತದೆ. ಬಾಡಿದ ಸೊಪ್ಪನ್ನು ಎಳೆಯ ಹುಳು ಮುಟ್ಟುವುದಿಲ್ಲ.

ಮಾರ್ಚ್ ತಿಂಗಳ ಬೆಳೆಯಲ್ಲಿ ಹುಳು ಏರುಪೇರಾಯಿತು. ಒಂದೇ ತಟ್ಟೆಯಲ್ಲಿ ದೊಡ್ಡವೂ ಸಣ್ಣವೂ ಬೆರೆತು, ಒಂದಷ್ಟು ಹಣ್ಣಾಗುವಾಗ ಮತ್ತೊಂದಷ್ಟು ಇನ್ನೂ ಮೇಯುತ್ತಿದ್ದವು. ಗೂಡಿಗೆ ಒಳ್ಳೆಯ ದರ ಬರಲಿಲ್ಲ. ನನ್ನ ಕಾರಿನ ಗಾಳಿಯೇ ಅದಕ್ಕೆ ಕಾರಣವೆಂದು ಹೇಳಲಾಗದು. ರೇಷ್ಮೆಯಲ್ಲಿ ಕಾರಣಗಳು ನೂರಿರುತ್ತವೆ. ತಮ್ಮ ಏನೂ ಅನ್ನಲಿಲ್ಲ. ಆದರೆ ಏಪ್ರಿಲ್ ಕೊನೆಯಲ್ಲಿ ಮತ್ತೆ ಚಾಕಿ ತರುವ ದಿನ ಬಂದಾಗ, “ಅಣ್ಣ, ನಿಮಗ್ಯಾಕೆ ತೊಂದರೆ, ಬೇರೆ ಗಾಡಿ ನೋಡ್ತೀನಿ” ಎಂದ. ಅಂದದ್ದಕ್ಕಿಂತ ಅನ್ನದೆ ಬಿಟ್ಟದ್ದೇ ನನ್ನನ್ನು ಹೆಚ್ಚು ಚುಚ್ಚಿತು. ನಾನೇ ತರುತ್ತೇನೆಂದು ಹಟ ಹಿಡಿದು ಬೆಳಿಗ್ಗೆ ಬೇಗನೆ ಶಿಡ್ಲಘಟ್ಟಕ್ಕೆ ಹೊರಟೆ.

ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಾಡಿಗಳ ವೈರಿಂಗ್ ಕೆಲಸದ ಅಂಗಡಿ ಇಟ್ಟಿದ್ದಾನೆ. ಹೆಸರು ಬರೆಯುವುದಿಲ್ಲ, ಅವನ ತರಗತಿಯವರಿಗೆ ಹೇಗೂ ತಿಳಿಯುತ್ತದೆ. ಅಂಗಡಿ ನನಗೆ ಗೊತ್ತಿತ್ತು. ಎಷ್ಟೋ ವರ್ಷ ಅದರ ಮುಂದೆ ಹಾದುಹೋಗಿಯೂ ನಿಲ್ಲಿಸಿರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಅವನು ಬಂದು, “ಬನ್ನಿ ಸಾರ್” ಎಂದು ಸ್ಟೂಲು ಹಾಕಿದ. ನಾನು ಮೋಟಾರಿನ ಕಥೆ ಹೇಳಿದೆ. ಅವನು ಕಾರೊಳಗೆ ಕುಳಿತು ಗುಂಡಿಯನ್ನು ಒಂದರಿಂದ ನಾಲ್ಕರವರೆಗೆ ತಿರುಗಿಸಿದ.

“ಮೂರೂ ಒಟ್ಟಿಗೇ ಹೋದವಾ ಸಾರ್?”

“ಇಲ್ಲ. ಒಂದು, ಎರಡು ಮೊದಲು. ಮೂರು ಆಮೇಲೆ.”

“ಹಾಗಾದ್ರೆ ಮೋಟಾರು ಚೆನ್ನಾಗಿದೆ. ರೆಸಿಸ್ಟರ್ ಹೋಗಿದೆ.”

ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಹೇಗೆ ಹೇಳಿದೆ ಎಂದೆ. ಅವನು ಎದ್ದು, ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಸಾಲಾಗಿ ಮೂರು ಸುರುಳಿಗಳನ್ನೂ ತುದಿಯಲ್ಲಿ ಒಂದು ವೃತ್ತವನ್ನೂ ಬರೆದ. ವೃತ್ತವೇ ಮೋಟಾರು. ಮೂರನೆಯ ವೇಗದಲ್ಲಿ ವಿದ್ಯುತ್ತು ಮೋಟಾರಿನ ಪಕ್ಕದ ಒಂದು ಸುರುಳಿಯನ್ನು ಹಾದುಹೋಗುತ್ತದೆ, ಎರಡನೆಯದರಲ್ಲಿ ಎರಡನ್ನು, ಮೊದಲನೆಯದರಲ್ಲಿ ಮೂರನ್ನೂ. ನಾಲ್ಕನೆಯದು ಯಾವ ಸುರುಳಿಯನ್ನೂ ಮುಟ್ಟದೆ ನೇರವಾಗಿ ಮೋಟಾರಿಗೆ. ನಾಲ್ಕು ಜೋರಾಗಿ ಓಡುತ್ತಿದೆಯೆಂದರೆ ಫ್ಯೂಸೂ ಮೋಟಾರೂ ಸರಿಯಿವೆ. ಒಂದು, ಎರಡು ಜೊತೆಯಾಗಿ ಹೋದವೆಂದರೆ ನಡುವಿನ ಸುರುಳಿ ತುಂಡಾಗಿದೆ. ಆಮೇಲೆ ಮೂರೂ ಹೋಯಿತೆಂದರೆ ಮೋಟಾರಿನ ಪಕ್ಕದ ಸುರುಳಿ ಇಲ್ಲವೆ ಅದರ ಜೊತೆಗಿರುವ ಥರ್ಮಲ್ ಫ್ಯೂಸ್. “ಒಂದು ಓಡ್ತಾ ಇದ್ದು ಎರಡು ಮಾತ್ರ ಹೋಗಿದ್ರೆ ರೆಸಿಸ್ಟರ್ ಅಲ್ಲ ಸಾರ್, ಸ್ವಿಚ್ಚೋ ವೈರೋ. ನಾಲ್ಕು ಮಾತ್ರ ಹೋಗಿದ್ರೂ ಹಾಗೇ, ಸ್ವಿಚ್ಚು, ರಿಲೇ ನೋಡ್ಬೇಕು” ಎಂದ.

ಗೋಡೆಯ ಮೇಲಿದ್ದದ್ದು ನನ್ನದೇ ಚಿತ್ರ. ರೋಧಗಳ ಸರಣಿ ಜೋಡಣೆ. ಅದನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ.

ಅವನು ಎಡಗಡೆಯ ಸೀಟಿನ ಮುಂದೆ, ಡ್ಯಾಶ್‌ಬೋರ್ಡಿನ ಡಬ್ಬಿಯ ಹಿಂದೆ ಕೈಹಾಕಿ ಎರಡು ಸ್ಕ್ರೂ ಬಿಚ್ಚಿ ಬೆರಳುದ್ದದ ವಸ್ತುವೊಂದನ್ನು ಹೊರತೆಗೆದ. ನಡುವಿನ ಸುರುಳಿ ಸುಟ್ಟು ತುಂಡಾಗಿತ್ತು. ಫ್ಯೂಸಿಗೆ ಮಲ್ಟಿಮೀಟರ್ ಹಿಡಿದರೆ ಸದ್ದಿಲ್ಲ. ಈ ರೆಸಿಸ್ಟರನ್ನು ಗಾಳಿಯ ಕೊಳವೆಯೊಳಗೇ ಕೂರಿಸಿರುತ್ತಾರೆ, ಫ್ಯಾನಿನ ಗಾಳಿಯೇ ಅದನ್ನು ತಣಿಸಲೆಂದು. ಎಷ್ಟು ಬಿಸಿಯಾಗುತ್ತದೆ ಎಂಬುದಕ್ಕೆ ತರಗತಿಯ ಲೆಕ್ಕವೊಂದು: 12 ವೋಲ್ಟ್, ಮೋಟಾರಿನ ರೋಧ 1 ಓಮ್, ಸುರುಳಿಗಳದ್ದು 2 ಓಮ್ ಎಂದಿಟ್ಟುಕೊಳ್ಳಿ. ಹರಿಯುವುದು 4 ಆಂಪಿಯರ್. ಸುರುಳಿಗಳಲ್ಲಿ ಶಾಖವಾಗುವುದು 32 ವ್ಯಾಟ್. ಬೆಸುಗೆ ಹಾಕುವ ಸಣ್ಣ ಕಾವುಕೋಲಿಗೆ 25 ವ್ಯಾಟ್ ಸಾಕು. (ತಿರುಗುವ ಮೋಟಾರು ಇಷ್ಟು ಸರಳವಲ್ಲವೆಂದು ನಮ್ಮ ಇಂಜಿನಿಯರ್ ಅಳಿಯಂದಿರು ಆಕ್ಷೇಪಿಸುವ ಮೊದಲೇ ಒಪ್ಪಿಕೊಳ್ಳುತ್ತೇನೆ.) ಹಳೆಯ ಮನೆಗಳಲ್ಲಿ ಫ್ಯಾನಿನ ದಪ್ಪ ರೆಗ್ಯುಲೇಟರು ಬೆಚ್ಚಗಾಗುತ್ತಿದ್ದುದು ನಿಮಗೆ ನೆನಪಿರಬಹುದು; ಇದೂ ಅದೇ ವಂಶದ್ದು. ಯಂತ್ರವೇ ತಂಪನ್ನು ಹೊಂದಿಸುವ ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸಿಸ್ಟರ್ ಇರುತ್ತದಂತೆ. ಈ ತರ್ಕ ಅಲ್ಲಿ ನಡೆಯದು.

ಹೊಸದನ್ನು ಕೂಡಲೇ ಹಾಕಿಬಿಡುತ್ತಾನೆಂದು ನಾನು ಭಾವಿಸಿದ್ದೆ. ಅವನು ಟಾರ್ಚು ಹಿಡಿದು ಕೊಳವೆಯೊಳಗೆ ನೋಡಿ, ಕೈತುಂಬ ಕಸ ತೆಗೆದ: ಹೊಂಗೆಯ ಒಣಹೂ, ತರಗೆಲೆ, ಧೂಳಿನ ಮುದ್ದೆ, ನಡುನಡುವೆ ಹಿಪ್ಪುನೇರಳೆ ಸೊಪ್ಪಿನ ಚೂರುಗಳೂ ಇದ್ದವು. ಗಾಳಿ ಸೋಸುವ ಫಿಲ್ಟರಿನ ಜಾಗ ಖಾಲಿಯಾಗಿತ್ತು. “ಗಾಳಿ ಕಟ್ಟಿದ್ರೆ ರೆಸಿಸ್ಟರ್ ಕಾಯುತ್ತೆ ಸಾರ್. ಇದನ್ನ ಬಿಟ್ಟು ಹೊಸದು ಹಾಕಿದ್ರೆ ಅದೂ ಸುಡುತ್ತೆ.” ಮೋಟಾರನ್ನು ಕೈಯಿಂದ ತಿರುಗಿಸಿ ಬಿಗಿಯಿಲ್ಲವೆಂದು ನೋಡಿದ, ಎಳೆಯುವ ಕರೆಂಟನ್ನೂ ಅಳೆದ. ಮೋಟಾರು ಬಿಗಿದುಕೊಂಡು ಹೆಚ್ಚು ಎಳೆಯತೊಡಗಿದರೂ ಸುಡುವುದು ರೆಸಿಸ್ಟರೇ ಅಂತೆ. ಕಪ್ಲರ್ ಕರಗಿದೆಯೇ ಎಂದು ನೋಡಿದ. ಕೆಲವರು ಥರ್ಮಲ್ ಫ್ಯೂಸನ್ನು ತಂತಿಯಿಂದ ಜೋಡಿಸಿ ಕಳಿಸುತ್ತಾರೆ, ಬೆಂಕಿ ಹತ್ತಿದರೆ ಯಾರು ಹೊಣೆ ಎಂದು ಗೊಣಗಿಕೊಂಡ. ಅಷ್ಟರಲ್ಲಿ ಹುಡುಗನೊಬ್ಬ ಬಿಡಿಭಾಗದ ಅಂಗಡಿಯಿಂದ ಹೊಸದನ್ನು ತಂದ.

ಆ ಹೊತ್ತಿನಲ್ಲಿ ನಾನು ಸ್ಟೂಲಿನ ಮೇಲೆ ಕುಳಿತು ಬೇರೆಯದನ್ನೇ ಯೋಚಿಸುತ್ತಿದ್ದೆ. ಆಗ ನಮ್ಮದಿನ್ನೂ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಒಂದು ಕಿರುಪರೀಕ್ಷೆಯಲ್ಲಿ ಮೂರು ರೋಧಗಳ ಸರಣಿಯ ಲೆಕ್ಕ ಕೊಟ್ಟಿದ್ದೆ. ಇವನು ಹಂತಗಳೊಂದನ್ನೂ ಬರೆಯದೆ ಸರಿಯುತ್ತರವನ್ನಷ್ಟೇ ಬರೆದಿದ್ದ. ಪಕ್ಕದವನದನ್ನು ನೋಡಿ ಬರೆದದ್ದೆಂದು ತೀರ್ಮಾನಿಸಿ ಸೊನ್ನೆ ಹಾಕಿದೆ. ತರಗತಿಯ ಮುಂದೆ ಹೇಳಬಾರದ ಮಾತನ್ನೂ ಹೇಳಿದೆ. ಓಮ್ ಕೂಡ ಶಾಲಾ ಮೇಷ್ಟ್ರೇ, ಕಲೋನ್ ನಗರದಲ್ಲಿ ಪಾಠ ಹೇಳುತ್ತಿದ್ದವನು, 1827ರಲ್ಲಿ ಅವನ ಪುಸ್ತಕ ಬಂದಾಗ ಸ್ವದೇಶದವರೇ ಆದರಿಸಲಿಲ್ಲ, 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು ಎಂದೆಲ್ಲ ಪ್ರತಿವರ್ಷ ಗಂಟಲು ಕಟ್ಟಿಕೊಂಡು ಹೇಳುತ್ತಿದ್ದವನೂ ನಾನೇ. ಆ ವರ್ಷ ಹುಡುಗ ವಿಜ್ಞಾನದಲ್ಲಿ ನಪಾಸಾಗಿ ಶಾಲೆ ಬಿಟ್ಟ. ಆ ಅಂಗಡಿಯ ಮುಂದೆ ಕಾರು ನಿಲ್ಲಿಸದಿದ್ದುದಕ್ಕೆ ಕಾರಣ ಇದು.

ಕೆಲಸ ಮುಗಿಯಿತು. ಗುಂಡಿಯನ್ನು ಒಂದಕ್ಕೆ ತಿರುಗಿಸಿದ. ಗಾಳಿ ಮೆಲ್ಲಗೆ, ಬೀಸಣಿಗೆಯಂತೆ ಬಂತು. ವಸ್ತುವಿಗೆ ಏಳುನೂರು, ಕೆಲಸಕ್ಕೆ ಮುನ್ನೂರು ಎಂದ. ಮೇಷ್ಟ್ರೆಂದು ಬಿಟ್ಟುಕೊಡಲಿಲ್ಲ, ಅದು ನನಗೆ ಹಿಡಿಸಿತು. ಹಣ ಕೊಡುತ್ತಾ, ಆ ದಿನದ ವಿಷಯವನ್ನು ಎತ್ತಿಯೇಬಿಟ್ಟೆ. ನೀನು ಮನಸ್ಸಿನಲ್ಲೇ ಲೆಕ್ಕ ಮಾಡಿರಬೇಕಪ್ಪಾ, ನಾನು ತಪ್ಪು ಮಾಡಿದೆ ಎಂದೆ.

ಅವನು ಕೈಯ ಮಸಿಯನ್ನು ಬಟ್ಟೆಗೆ ಒರೆಸುತ್ತಾ ನಕ್ಕ. “ಅಯ್ಯೋ ಬಿಡಿ ಸಾರ್. ಆವತ್ತು ನಾನು ನಿಜವಾಗ್ಲೂ ನೋಡೇ ಬರೆದಿದ್ದೆ.”

ನಿಜವನ್ನೇ ಹೇಳಿದನೋ, ವಯಸ್ಸಾದ ಮೇಷ್ಟ್ರ ಮನಸ್ಸಿನ ಭಾರ ಇಳಿಸಲು ಹಾಗೆ ಹೇಳಿದನೋ, ಮುಖ ನೋಡಿ ತಿಳಿಯಲಾಗಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. ನಾನು ಚಾಕಿ ಕೇಂದ್ರಕ್ಕೆ ಹೋಗಿ ಟ್ರೇಗಳನ್ನು ಏರಿಸಿಕೊಂಡು, ಒಂದನೆಯ ವೇಗದಲ್ಲಿ ಫ್ಯಾನು ಹಾಕಿ, ಮೇಲೂರಿಗೆ ಬಂದೆ. ತಮ್ಮ ಮೇಲುಹೊದಿಕೆ ಸರಿಸಿ ಸೊಪ್ಪನ್ನು ಮುಟ್ಟಿ ನೋಡಿದ. ಈ ಸಲವೂ ಏನೂ ಅನ್ನಲಿಲ್ಲ. ಮುಂದಿನ ಚಾಕಿಯ ದಿನಾಂಕವನ್ನು ಮಾತ್ರ ಹೇಳಿದ.

ಸುಟ್ಟ ರೆಸಿಸ್ಟರು ಈಗ ನನ್ನ ಮೇಜಿನ ಮೇಲಿದೆ. ಆ ವರ್ಷ ಆ ಬೆಂಚಿನಲ್ಲಿ ಅವನ ಪಕ್ಕ ಕೂರುತ್ತಿದ್ದವರು ಇದನ್ನು ಓದುತ್ತಿದ್ದರೆ, ಅಂದು ನಡೆದದ್ದೇನೆಂದು ದಯವಿಟ್ಟು ನನಗೆ ಬರೆಯಿರಿ.