ಕಾಫಿ ಇಳಿದ ಮೇಲೆ ಹೂವಿನ ಸರದಿ

ಮಲ್ಲಂದೂರಿನಲ್ಲಿ ನೆರಳಿಗೆ ಬರವಿಲ್ಲ, ಬಿಸಿಲಿಗೆ ಬರ. ಚಿಕ್ಕಮಗಳೂರು ಪೇಟೆ ದಾಟಿ ಮುತ್ತೋಡಿ ಕಾಡಿನ ಕಡೆಗೆ ಬರುವ ದಾರಿಯಲ್ಲಿ ಒಮ್ಮೆ ಗುಡ್ಡ ಹತ್ತಿದಿರೆಂದರೆ ಮುಗಿಯಿತು, ಆಮೇಲೆ ತಲೆಯ ಮೇಲೆ ಆಕಾಶಕ್ಕಿಂತ ಮರವೇ ಹೆಚ್ಚು. ಸಿಲ್ವರ್ ಓಕು, ಹಾಲುವಾಣ, ಹಲಸು, ಅತ್ತಿ, ನಂದಿ; ಅವುಗಳ ಕೆಳಗೆ ಕಾಫಿ; ಕಾಫಿಯ ಕೆಳಗೆ ತರಗು. ಮನೆಗಳು ಈ ನೆರಳಿನ ನಡುವೆ ಎಲ್ಲೋ ಒಂದು ಕಡೆ ಜಾಗ ಮಾಡಿಕೊಂಡು ಕೂತಿವೆ. ಅಂಗಳದ ತುಳಸಿಗೂ ಬಿಸಿಲು ಮುಟ್ಟುವುದು ಹೊತ್ತು ಏರಿದ ಮೇಲೆಯೇ. ಬೆಳಗಿನಿಂದ ಸಂಜೆವರೆಗೆ ಅಡ್ಡಿಯಿಲ್ಲದೆ ಬಿಸಿಲು ಬೀಳುವುದು ಎರಡೇ ಕಡೆ: ಕಾಫಿ ಒಣಗಿಸುವ ಕಣ ಮತ್ತು ತಾರಸಿ. ನಮ್ಮಂಥ ಸಣ್ಣ ಹಿಡುವಳಿಯವರ ಮನೆಯಲ್ಲಿ ತಾರಸಿಯೇ ಅರ್ಧ ಕಣ. ಹಾಗಾಗಿ ಇಲ್ಲಿ ತಾರಸಿ ಮೇಲೆ ಗಿಡ ಬೆಳೆಸಲು ಹೊರಟವರು ಮೊದಲು ಕಾಫಿಯ ಅಪ್ಪಣೆ ಪಡೆಯಬೇಕು.

ಬೆಂಗಳೂರಿನ ನೆಂಟರಿಗೆ ಇದು ಅರ್ಥವಾಗುವುದಿಲ್ಲ. "ಸುತ್ತ ಇಷ್ಟೊಂದು ಕಾಡಿಟ್ಕೊಂಡು ತಾರಸಿ ಮೇಲೆ ಯಾಕ್ರೀ ಪಾಟು?" ಎನ್ನುತ್ತಾರೆ. ಕಾಡಿರುವುದರಿಂದಲೇ. ಡೇರೆ, ಗುಲಾಬಿ, ಸೇವಂತಿಗೆ ಇವ್ಯಾವುವೂ ನೆರಳಲ್ಲಿ ನೆಟ್ಟಗೆ ಮೊಗ್ಗು ಕಟ್ಟುವುದಿಲ್ಲ. ನೆಲದಲ್ಲಿ ನೆಟ್ಟರೆ ಹಂದಿ ಮಗುಚಿ ಹಾಕುತ್ತದೆ, ಗೆಡ್ಡೆ ಇದ್ದರೆ ಮುಳ್ಳುಹಂದಿ ಹುಡುಕಿಕೊಂಡು ಬರುತ್ತದೆ. ತಾರಸಿಗೆ ಹಗಲು ಹೊತ್ತು ಬರುವುದು ಮಂಗ ಒಂದೇ. ಅದೊಂದೇ ಸಾಕು, ಆ ಮಾತು ಬೇರೆ.

ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗ ತಾರಸಿಯೇ ಇರಲಿಲ್ಲ, ಹೆಂಚಿನ ಮನೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಆ ಹೆಂಚು ಘಟ್ಟ ಹತ್ತಿ ಬಂದು ಮಲೆನಾಡಿನ ಹುಲ್ಲಿನ ಮಾಡುಗಳನ್ನು ಒಂದೊಂದಾಗಿ ಇಳಿಸಿತು. ಆರ್‌ಸಿಸಿ ಬಂದದ್ದು ತೀರಾ ಈಚೆಗೆ. ಇಳಿಜಾರು ಮಾಡಿನಿಂದ ಜಾರಿ ಹೋಗುತ್ತಿದ್ದ ಮಳೆ ಚಪ್ಪಟೆ ತಾರಸಿಯ ಮೇಲೆ ಮೊಕ್ಕಾಂ ಹೂಡಲು ಕಲಿಯಿತು. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಸೋರಿತು. ಅದರ ಮೇಲೆ ಮತ್ತೆ ಕಬ್ಬಿಣದ ಕಂಬ ನೆಟ್ಟು ಶೀಟು ಹಾಕಿಸಿದರು. ಈಗ ಊರಿನ ಬಹುಪಾಲು ಮನೆಗಳು ಟೋಪಿಯ ಮೇಲೆ ಟೋಪಿ ಹಾಕಿಕೊಂಡಿವೆ. ನಮ್ಮಲ್ಲಿ ಶೀಟು ಅರ್ಧಕ್ಕೆ ಮಾತ್ರ. ಉಳಿದರ್ಧ ಬಯಲು. ನನ್ನ ವ್ಯವಹಾರವೆಲ್ಲ ಆ ಬಯಲಲ್ಲಿ.

ಬಯಲು ನನ್ನದು ಎಂದೆನಲ್ಲ, ಅದು ವರ್ಷವಿಡೀ ಅಲ್ಲ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗಲು ಶುರುವಾದರೆ ಮಾರ್ಚಿನಲ್ಲಿ ರೊಬಸ್ಟಾ ಮುಗಿಯುವವರೆಗೂ ತಾರಸಿ ನಮ್ಮನೆಯವರ ಪಾಲು. ಟಾರ್ಪಾಲು ಹೊತ್ತು ಮೆಟ್ಟಿಲು ಹತ್ತುವ ಸದ್ದಿನ ಹಿಂದೆಯೇ ಮಾತು ಬರುತ್ತದೆ:

"ಆ ಪಾಟುಗಳನ್ನೊಂದ್ಚೂರು ಆ ಕಡೆ ಮಾಡ್ತೀಯಾ, ಮಾರಾಯ್ತಿ."

"ಆ ಕಡೆ ಅಂದ್ರೆ ಎಲ್ಲಿಗೆ, ಪ್ಯಾರಾಪೆಟ್ಟಿನ ಆಚೆಗಾ?"

"ಎಲ್ಲಿಗಾದ್ರೂ ಮಾಡು. ಚೆರಿ ಒಣಗ್ಬೇಕಲ್ಲ."

ಚೆರಿ ಒಣಗಲೇಬೇಕು, ಅದಕ್ಕೆ ಎದುರಾಡುವಂತಿಲ್ಲ. ಹಣ್ಣನ್ನು ತೆಳ್ಳಗೆ ಹರಡಿ, ಆಗಾಗ ಕೈಯಾಡಿ, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚಬೇಕು. ಒಳ್ಳೆ ಬಿಸಿಲಿದ್ದರೆ 12ರಿಂದ 15 ದಿನ. ಕೊನೆಗೆ ಒಂದು ಹಿಡಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಆ ಸದ್ದು ಕೇಳುವವರೆಗೆ ಮನೆಯಲ್ಲಿ ಹೂವಿನ ಸುದ್ದಿ ಎತ್ತುವಂತಿಲ್ಲ. ನಡುವೆ ಕಾಳುಮೆಣಸು ಬೇರೆ ಬರುತ್ತದೆ; ಅದಕ್ಕೂ ಇದೇ ಬಿಸಿಲು, ಇದೇ ಟಾರ್ಪಾಲು.

ಈ ನಾಲ್ಕೈದು ತಿಂಗಳ ಗಡೀಪಾರನ್ನು ತಡೆದುಕೊಳ್ಳುವ ಗಿಡ ಮಾತ್ರ ಮಲ್ಲಂದೂರಿನ ತಾರಸಿಯಲ್ಲಿ ಬದುಕುತ್ತದೆ. ಪೇಟೆಯ ನರ್ಸರಿಯಿಂದ ಬರುವ ಪೆಟೂನಿಯಾಕ್ಕೆ ಇಲ್ಲಿನ ಪಂಚಾಂಗ ಗೊತ್ತಿಲ್ಲ. ಕಾಫಿ ಹರಡಿದಾಗ ಅದು ಹೂಬಿಡಲು ಹೊರಡುತ್ತದೆ, ಆರಿದ್ರ ಮಳೆ ಹಿಡಿದಾಗ ಕೊಳೆಯುತ್ತದೆ. ಡೇರೆ ಹಾಗಲ್ಲ. ಮಳೆಗಾಲವೆಲ್ಲ ಮೆರೆದು, ದೀಪಾವಳಿಯ ಹೊತ್ತಿಗೆ ಸುಸ್ತಾಗಿ, ಅರೇಬಿಕಾ ತಾರಸಿ ಹತ್ತುವಷ್ಟರಲ್ಲಿ ದಂಟು ಒಣಗಿಸಿಕೊಂಡು ಮಣ್ಣೊಳಗೆ ಮಲಗಿಬಿಡುತ್ತದೆ. ಮೆಕ್ಸಿಕೋ ದೇಶದ ಗುಡ್ಡಗಳಿಂದ ಬಂದ ಗಿಡ, ಅಲ್ಲಿಯ ರಾಷ್ಟ್ರಪುಷ್ಪ. ಅಲ್ಲೂ ಮಳೆಗಾಲದಲ್ಲಿ ಎದ್ದು ಒಣಗಾಲದಲ್ಲಿ ಮಲಗುವುದೇ ಅದರ ರೂಢಿ. ಮಲೆನಾಡಿನ ಹೆಂಗಸರು ಅದನ್ನು ತಮ್ಮದೇ ಮಾಡಿಕೊಂಡದ್ದಕ್ಕೆ ಬಣ್ಣದಷ್ಟೇ ಈ ನಿದ್ದೆಯೂ ಕಾರಣ ಎಂದು ನನ್ನ ಅನಿಸಿಕೆ. ಮಲಗಿದ ಗೆಡ್ಡೆಯನ್ನು ಮೆಟ್ಟಿಲ ಕೆಳಗೆ ತಳ್ಳಿದರೂ ಅದು ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾರ್ಚಿ-ಏಪ್ರಿಲಿನಲ್ಲಿ ಹೂಮಳೆಯ ಕಾತರ. ಕಾಫಿಗೆ ಹತ್ತಿರ ಹತ್ತಿರ ಒಂದು ಇಂಚು ಮಳೆ ಬೇಕು. ನಮ್ಮ ಕಡೆ ಲೆಕ್ಕವೆಲ್ಲ ಇಂಚು ಮತ್ತು ಸೆಂಟಿನಲ್ಲಿ, ನೂರು ಸೆಂಟಿಗೆ ಒಂದಿಂಚು. ಮಳೆ ಅಳೆಯುವ ಮಾಪಕವೂ ಬಯಲು ತಾರಸಿಯಲ್ಲೇ ಇರುತ್ತದೆ, ಅದಕ್ಕೆ ಮಾತ್ರ ವರ್ಷವಿಡೀ ಕಾಯಂ ಜಾಗ. ಗುಡುಗು ನಿಂತು ಹತ್ತು ನಿಮಿಷಕ್ಕೆ ಫೋನು ಶುರು: "ನಿಮ್ಮಲ್ಲೆಷ್ಟು? ನಮ್ಮಲ್ಲಿ ಅರವತ್ತು ಸೆಂಟು." ತೋಟದ ಮೇಲೆ ಮಳೆ ಬರಬೇಕು, ತಾರಸಿ ಮೇಲಿನ ರೊಬಸ್ಟಾದ ಮೇಲೆ ಬರಬಾರದು! ವರುಣನಿಗೆ ಇಂಥ ಅರ್ಜಿ ಕೊಡುವವರು ಕಾಫಿ ಬೆಳೆಗಾರರಲ್ಲದೆ ಇನ್ಯಾರಿದ್ದಾರು. ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕೆಳಗೆ ಇಡೀ ತೋಟ ಬೆಳ್ಳಗಾಗುತ್ತದೆ. ಆ ಎರಡು ಮೂರು ದಿನ ತಾರಸಿಯ ಹೂವನ್ನು ಯಾರೂ ತಿರುಗಿ ನೋಡುವುದಿಲ್ಲ. ನಾನೂ ನೋಡುವುದಿಲ್ಲ.

ನಿಜವಾದ ಸುಗ್ಗಿ ಇದರ ಹಿಂದೆಯೇ ಬರುತ್ತದೆ, ಮರಗಸಿಯ ಜೊತೆಗೆ. ಮಳೆಗಾಲಕ್ಕೆ ಮೊದಲು ನೆರಳು ಮರಗಳ ಕೊಂಬೆ ಸವರಿ ತೋಟಕ್ಕೆ ಬೆಳಕು ಬಿಡುವ ಕೆಲಸ ಇದು. ಹಗ್ಗ ಕಟ್ಟಿಕೊಂಡು ಮೇಲೆ ಹತ್ತಿದವರು ಕತ್ತಿ ಬೀಸಿದಂತೆಲ್ಲ ಕೊಂಬೆಯ ಜೊತೆಗೆ ಮೇಲಿನ ಲೋಕವೊಂದು ದೊಪ್ಪೆಂದು ಕೆಳಗೆ ಬೀಳುತ್ತದೆ: ಪಾಚಿ, ಜರಿಗಿಡ, ಸೀತಾಳೆ ದಂಡೆ. ಆಳುಗಳಲ್ಲಿ ಕೆಲವರು ಇದನ್ನೆಲ್ಲ ಬಂದಳಿಕೆಯ ಲೆಕ್ಕಕ್ಕೇ ಸೇರಿಸಿ ಚರಂಡಿಗೆ ಎಸೆಯುತ್ತಾರೆ. ಬಂದಳಿಕೆ ಮರದೊಳಗೆ ಬೇರಿಳಿಸಿ ಅದರ ನೀರು ಕದಿಯುವ ಕಳ್ಳ. ಸೀತಾಳೆ ದಂಡೆ ಮರದ ಹನಿಯನ್ನೂ ಮುಟ್ಟುವುದಿಲ್ಲ. ನಿಲ್ಲಲು ಜಾಗ ಕೇಳುತ್ತದೆ, ಊಟ ತನ್ನದೇ. ವ್ಯತ್ಯಾಸ ತಿಳಿದವರೂ ಇದ್ದಾರೆ. ಸಂಜೆ ಸೌದೆ ಹೊರೆಯ ಮೇಲೆ ಒಂದು ಗೊಂಚಲು ಇಟ್ಟುಕೊಂಡು ಬಂದು, "ಅಮ್ಮಾ, ನಿಮ್ಮ ಹುಚ್ಚಿಗೆ ಇದೊಂದು ತಗಳಿ" ಎಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಾರೆ.

ಇದನ್ನು ಕುಂಡದ ಮಣ್ಣಿಗೆ ಹಾಕಿದರೆ ಬೇರು ಕೊಳೆಯುತ್ತದೆ. ಬಿದ್ದ ಕೊಂಬೆಯ ತುಂಡಿನ ಸಮೇತ ಶೀಟಿನ ಕಂಬಕ್ಕೆ ಹಳೇ ಬಟ್ಟೆಯ ಪಟ್ಟಿಯಲ್ಲಿ ಕಟ್ಟಿದರೆ ಸಾಕು. ಹತ್ತಿರದಿಂದ ನೋಡಬೇಕಾದ್ದು ಅದರ ಬೇರು. ಕಿರುಬೆರಳಿಗಿಂತ ಸಣ್ಣ, ಬೂದಿ ಬಳಿದಂಥ ಬಿಳಿ ಬೇರು ಗಾಳಿಯಲ್ಲಿ ಸುಮ್ಮನೆ ಜೋತುಬಿದ್ದಿರುತ್ತದೆ, ಜೀವ ಇದೆಯೋ ಇಲ್ಲವೋ ತಿಳಿಯದು. ಒಂದು ಚೊಂಬು ನೀರು ಚಿಮುಕಿಸಿ ನಿಂತು ನೋಡಿ: ನೀರು ತಾಗಿದ ಕಡೆಯಿಂದ ಬಿಳಿ ಹಿಂಜರಿದು ಹಸಿರು ಹರಿಯುತ್ತದೆ, ಕಣ್ಣೆದುರಿಗೇ. ಬೇರಿನ ಮೇಲೊಂದು ಸತ್ತ ಜೀವಕೋಶಗಳ ಹೊದಿಕೆ ಇದೆ. ಒಣಗಿದಾಗ ಅದರ ತುಂಬ ಗಾಳಿ, ಅದಕ್ಕೇ ಬಿಳುಪು. ನೀರು ಹೀರಿದಾಗ ಹೊದಿಕೆ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಮಲ್ಲಂದೂರಿನ ಮಂಜೊಂದೇ ಸಾಕು, ಅಷ್ಟಕ್ಕೇ ಅದು ಕುಡಿದು ಮುಗಿಸುತ್ತದೆ. ಮುಂಗಾರು ತಲೆಯೆತ್ತುವ ಹೊತ್ತಿಗೆ ಮೊಳದುದ್ದದ ಹೂದಂಡೆ ಇಳಿಬೀಳುತ್ತದೆ, ಬಿಳಿಯ ಮೇಲೆ ನೇರಳೆ ಚುಕ್ಕಿ. ದಂಡೆ ಕಟ್ಟುವ ಶ್ರಮವನ್ನೂ ಗಿಡವೇ ಮುಗಿಸಿರುತ್ತದೆ, ಹೆಣ್ಣುಮಕ್ಕಳು ಕಿತ್ತು ಹಾಗೇ ಮುಡಿದರಾಯಿತು. ಅಸ್ಸಾಮಿನಲ್ಲಿ ಇದು ರಾಜ್ಯದ ಹೂವು. ಬಿಹು ಹಬ್ಬದ ಕುಣಿತಕ್ಕೆ ಅಲ್ಲಿನ ಹುಡುಗಿಯರ ಮುಡಿಯಲ್ಲಿ ಇದೇ ಇರುತ್ತದೆ.

ಇನ್ನು ಕರೆಯದೆ ಬಂದವರ ಪಟ್ಟಿ. ಪಿಕಳಾರ ಹಕ್ಕಿ ಪ್ಯಾರಾಪೆಟ್ಟಿನ ಮೇಲೆ ಕೂತು ಹೋದ ಜಾಗದಲ್ಲೆಲ್ಲ ಸೂಜಿಮೆಣಸು. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲ, ನಮ್ಮನೆಯವರಿಗೆ ತಾಗುತ್ತದೆ. ರಾತ್ರಿ ಕಬ್ಬೆಕ್ಕು ಬಂದು ತೋಟದ ಅತ್ಯುತ್ತಮ ಹಣ್ಣು ಆರಿಸಿ ತಿಂದದ್ದರ ರಸೀದಿಯನ್ನು ತಾರಸಿಯ ಮೂಲೆಯಲ್ಲಿ ಬಿಟ್ಟುಹೋಗುತ್ತದೆ. ಪಕ್ಕದ ಕುಂಡಕ್ಕೆ ಉರುಳಿದ ಬೀಜ ಮೊಳೆತು, ಬೀಜವನ್ನೇ ತಲೆಗೆ ಟೋಪಿ ಮಾಡಿಕೊಂಡು ನಿಲ್ಲುತ್ತದೆ. ಕಾಫಿ ಅಷ್ಟಕ್ಕೂ ನನ್ನ ಕುಂಡವನ್ನು ಬಿಡುವುದಿಲ್ಲ! ನೀರಿಳಿಯುವ ಪೈಪಿನ ಬಾಯಲ್ಲಿ ಅಶ್ವತ್ಥ. ಅದನ್ನು ಕೀಳಬೇಕೆಂದರೆ ಅತ್ತೆ ತಡೆಯುತ್ತಾರೆ, ಬಿಟ್ಟರೆ ಮನೆ ಸೀಳುತ್ತದೆ. ಕೊನೆಗೆ ಎಲೆ ನಾಲ್ಕಾಗುವ ಮೊದಲೇ ಬುಡಸಮೇತ ಎಬ್ಬಿಸಿ ತೊಟ್ಟೆಗೆ ಹಾಕಿ ದೇವಸ್ಥಾನದ ಕಡೆ ಹೋಗುವವರ ಕೈಗೆ ಕೊಡುವುದೆಂದು ರಾಜಿಯಾಗಿದೆ.

ಇವರಲ್ಲೆಲ್ಲ ನನಗೆ ಅಚ್ಚುಮೆಚ್ಚು ಮರಗೆಸ. ಮರದ ಕವಲಿನಲ್ಲಿ ಹಿಡಿ ಮಣ್ಣಿದ್ದರೂ ಸಾಕು, ಮೊದಲ ಮಳೆಗೆ ಹೃದಯದಾಕಾರದ ಎಲೆ ಎತ್ತಿ ನಿಲ್ಲುತ್ತದೆ, ಮಳೆ ಮುಗಿದರೆ ಗುರುತಿಲ್ಲದಂತೆ ಮಾಯ. ಬುಡದಲ್ಲಿ ಸಣ್ಣ ಕೊಕ್ಕೆಗಳಿರುವ ಮರಿಗೆಡ್ಡೆಗಳು ಏಳುತ್ತವೆ; ದಾಟಿ ಹೋಗುವ ಪ್ರಾಣಿ-ಪಕ್ಷಿಯ ಮೈಗೆ ಅಂಟಿಕೊಂಡು ಮುಂದಿನ ಮರಕ್ಕೆ ಸಾಗುತ್ತವೆ. ನಮ್ಮ ತಾರಸಿಗೂ ಹಾಗೇ ಬಂದಿರಬೇಕು. ಆಷಾಢದಲ್ಲಿ ಹೊರಗೆ ಕಾಲಿಡಲಾಗದ ದಿನ ಮೇಲೆ ಹೋಗಿ ಹತ್ತು ಎಲೆ ಕೊಯ್ದು ತಂದರೆ ಪತ್ರೊಡೆ. ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ, ಅಷ್ಟು ಜಾಗ್ರತೆ ಸಾಕು.

ಮಣ್ಣಿನ ವಿಷಯದಲ್ಲಿ ಕಾಫಿಯವರ ಮಾತನ್ನು ಕೇಳುವುದೇ ಲೇಸು. ಕಾಫಿ ನರ್ಸರಿಯಲ್ಲಿ ಕಾಡುಮಣ್ಣು ಆರು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಎರಡು, ಮರಳು ಒಂದು ಎಂಬ ಲೆಕ್ಕ ಇದೆ. ಹೂವಿಗೆ ನಾನು ಮರಳನ್ನು ಎರಡು ಮಾಡುತ್ತೇನೆ, ನಮ್ಮ ಮಳೆಯಲ್ಲಿ ನೀರು ನಿಂತರೆ ಗಿಡ ಕಳೆದಂತೆಯೇ. ಕುಂಡ ಕೊಳ್ಳುವುದು ದಂಡ. ಮಿಕ್ಕ ನರ್ಸರಿ ತೊಟ್ಟೆ, ಪೇಂಟಿನ ಬಕೆಟು, ಒಡೆದ ಸ್ಪ್ರೇ ಪಂಪಿನ ಟ್ಯಾಂಕು, ಎಲ್ಲವೂ ಕುಂಡವೇ. ಮಳೆಗೆ ಮೊದಲು ತೋಟಕ್ಕೆ ಬೋರ್ಡೋ ಹೊಡೆಯುವ ದಿನ ಡ್ರಮ್ಮಿನ ತಳದಲ್ಲಿ ಉಳಿದದ್ದು ಗುಲಾಬಿಗೆ. ಎಲೆಯ ಮೇಲೆ ಮೈಲುತುತ್ತದ ನೀಲಿ ಕಲೆ ಉಳಿಯುತ್ತದೆ, ಆದರೆ ಚುಕ್ಕಿರೋಗ ಹತೋಟಿಗೆ ಬರುತ್ತದೆ.

ಕಾಡಿನ ಗಿಡದ ಆಸೆ ಮಾತ್ರ ಹದ್ದಿನಲ್ಲಿರಲಿ. 2022ರಲ್ಲಿ ಚಂದ್ರದ್ರೋಣ ಬೆಟ್ಟದಲ್ಲಿ ನೀಲಕುರಿಂಜಿ ಅರಳಿದಾಗ ನೋಡಲು ಬಂದವರಲ್ಲಿ ಕೆಲವರು ಗಿಡವನ್ನೇ ಕಿತ್ತು ಕಾರಿಗೆ ತುಂಬಿದರು. ಹನ್ನೆರಡು ವರ್ಷ ಬೆಳೆದು, ಒಂದೇ ಸಲ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಅದು. ಬೀಜವಾಗುವ ಮೊದಲು ಕಿತ್ತರೆ ಮುಂದಿನ ಹನ್ನೆರಡು ವರ್ಷವನ್ನೂ ಕಿತ್ತಂತೆ. ಬಾಲ್ಕನಿಯಲ್ಲಿ ಅದು ವಾರವೂ ಉಳಿಯುವುದಿಲ್ಲ. ಮುತ್ತೋಡಿಯ ಕಾಡು ಭದ್ರಾ ಅಭಯಾರಣ್ಯಕ್ಕೆ ಸೇರಿದ್ದು, 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಂದ ಎಲೆ ಕೀಳುವುದೂ ಅಪರಾಧ. ಸೀತಾಳೆ ದಂಡೆ ಬೇಕೆನ್ನುವವರು ಮರಗಸಿಯ ಕಾಲದಲ್ಲಿ ಯಾವುದಾದರೂ ತೋಟದವರನ್ನು ಕೇಳಿ. ಬಿದ್ದದ್ದನ್ನು ಕೊಡಲು ಯಾರೂ ಇಲ್ಲವೆನ್ನುವುದಿಲ್ಲ. ನಿಂತ ಮರದ್ದು ಅಲ್ಲೇ ಇರಲಿ.

ಡೇರೆ ಗೆಡ್ಡೆ ಬೇಕಿದ್ದರೆ ಏಪ್ರಿಲ್ ಕೊನೆಗೆ, ತಾರಸಿಯಿಂದ ರೊಬಸ್ಟಾ ಇಳಿದ ಮೇಲೆ ಬನ್ನಿ. ಆರಿಸುವಾಗ ಗೆಡ್ಡೆಯ ಕುತ್ತಿಗೆಯಲ್ಲಿ ಹಳೇ ದಂಟಿನ ತುಣುಕೂ ಕಣ್ಣೂ ಇದೆಯೇ ನೋಡಿಕೊಳ್ಳಿ. ಆಲೂಗಡ್ಡೆಯ ಹಾಗೆ ಮೈಯೆಲ್ಲ ಕಣ್ಣಿರುವ ಜಾತಿಯಲ್ಲ ಇದು, ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ಕದ್ದು ತಂದ ಗಿಡವೇ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯವರಾದರೆ ಹೇಳಿ, ನಾನು ಅತ್ತ ತಿರುಗಿ ನಿಲ್ಲುತ್ತೇನೆ. ಚೀಲ ಮಾತ್ರ ನೀವೇ ತನ್ನಿ, ನಮ್ಮನೆಯ ಗೋಣಿಯೆಲ್ಲ ಕಾಫಿಗೆ ಹೋಗಿರುತ್ತದೆ.