ಚೆನ್ನೆಮಣೆಯೂ ಉಗಿಯ ಹಡಗೂ

ಕಳೆದ ಆಟಿಯಲ್ಲಿ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಬ್ಯಾಗು ಜಗಲಿಯಲ್ಲಿಟ್ಟು ಮೊದಲು ಕೇಳಿದ್ದು, "ಮಾಮ, ಅಜ್ಜಿಯ ಚೆನ್ನೆಮಣೆ ಉಂಟಾ, ಗೆದ್ದಲು ತಿಂದಿತಾ?" ಅಟ್ಟದಲ್ಲಿ ಉಂಟು, ಹುಡುಕಬೇಕಷ್ಟೆ ಎಂದೆ. ಏಣಿ ಇಟ್ಟು ತಾನೇ ಹತ್ತಿ ತಂದ. ಹಲಸಿನ ಮರದ ಮಣೆ, ಒಂದು ಬದಿ ಸ್ವಲ್ಪ ಸೀಳಿದೆ. ಮಂಜೊಟ್ಟಿ ಕಾಳು ಬಟ್ಟೆಯ ಗಂಟಿನಲ್ಲಿ ಹಾಗೆಯೇ ಇತ್ತು, ಕೆಂಪು ಬಣ್ಣ ಸ್ವಲ್ಪವೂ ಮಾಸಿರಲಿಲ್ಲ.

ಅವನಿಗೆ ಕೆಲಸ ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು ಮಾಡುವ ಕಂಪೆನಿಯಲ್ಲಿ. ಊರಲ್ಲಿ ಯಾರಾದರೂ ಕೇಳಿದರೆ ನಾವು ಸಾಫ್ಟ್‌ವೇರು ಎಂದು ಹೇಳಿಬಿಡುವುದು. ಆಟ ಕಟ್ಟುವುದಕ್ಕೆ ತಿಂಗಳ ಸಂಬಳ ಸಿಗುತ್ತದೆ ಎಂದರೆ ಇಲ್ಲಿ ನಂಬುವವರು ಯಾರು?

ಈಗ ಅವರು ಮಾಡುತ್ತಿರುವ ಆಟದ ಜಾತಿಗೆ ಸ್ಟೀಮ್‌ಪಂಕ್ ಎಂದು ಹೆಸರಂತೆ. ಅಂದರೆ ಎಂತ ಎಂದು ಕೇಳಿದೆ. ಕರೆಂಟು ಪೆಟ್ರೋಲು ಬರಲೇ ಇಲ್ಲ, ಜಗತ್ತು ಪೂರ್ತಿ ಹಬೆಯ ಮೇಲೆಯೇ ನಡೆದುಕೊಂಡು ಬಂತು ಎಂದು ಗ್ರಹಿಸಿಕೊಳ್ಳಿ ಮಾಮ, ಅಂದ. ಹಿತ್ತಾಳೆಯ ಚಕ್ರಗಳು, ತಾಮ್ರದ ಕೊಳವೆಗಳು, ಆಕಾಶದಲ್ಲಿ ಹಾರುವ ಉಗಿಯ ಹಡಗು. ನನಗೆ ಅದು ಕಷ್ಟ ಆಗಲಿಲ್ಲ. ನಮ್ಮ ಈ ದಾರಿಯಲ್ಲಿ ಮಂಗಳೂರಿನವರೆಗೆ ರೈಲು ಬಂದದ್ದು 1907ರಲ್ಲಿ. ನಾನು ಶಾಲೆಗೆ ಹೋಗುವ ಕಾಲಕ್ಕೂ ಕುಂಬಳೆ ಸ್ಟೇಷನಿನಲ್ಲಿ ಕಲ್ಲಿದ್ದಲಿನ ಇಂಜಿನು ಬುಸ್ಸೆಂದು ಹಬೆ ಬಿಡುವುದನ್ನು ನೋಡ್ಲಿಕ್ಕೆ ನಾವು ಬೇಕೆಂದೇ ಸುತ್ತುದಾರಿಯಲ್ಲಿ ಹೋಗುತ್ತಿದ್ದೆವು. ಇಂಜಿನಿನ ಒಳಗೆ ಬೆಂಕಿಯ ಮುಂದೆ ನಿಂತವನ ಮುಖ ಈಗಲೂ ನೆನಪುಂಟು.

ಇನ್ನು ಆಡುವ ಕ್ರಮ. ಆಡುವವರು ಒಂದು ವೇಷ ಕಟ್ಟಿಕೊಂಡು ಕಥೆಯ ಒಳಗೆ ಹೋಗುವುದು. ನಮ್ಮ ಬಯಲಾಟದಲ್ಲಿ ವೇಷದವನು ಪ್ರಸಂಗದ ಪದ್ಯ ಹಿಡಿದುಕೊಂಡು ಅರ್ಥವನ್ನು ತಾನೇ ಕಟ್ಟುವ ಹಾಗೆ, ಅಲ್ಲಿ ಕಥೆಯ ದಾರಿ ಇರುತ್ತದೆ, ನಡೆಯುವುದು ಮಾತ್ರ ನಾವು. ಇವರ ಕಥೆಯಲ್ಲಿ ಆಡುವವರಿಗೆ ಸಿಗುವ ವೇಷ ಹಡಗಿನಲ್ಲಿ ರಿಪೇರಿ ಮಾಡುವ ಒಬ್ಬಳು ಹುಡುಗಿಯದ್ದು. ಆ ದೊಡ್ಡ ಆಟದ ನಡುನಡುವೆ ಸಣ್ಣ ಸಣ್ಣ ಆಟಗಳು ಬರುತ್ತವೆ. ಬೀಗ ತೆಗೆಯುವುದು, ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು, ಕೆಲಸ ಮುಗಿಸಿದವರು ಕೂತು ಇಸ್ಪೇಟು ಆಡುವುದು. ಇದಕ್ಕೆ ಮಿನಿಗೇಮು ಎನ್ನುತ್ತಾರೆ. ಇವನ ಪಾಲಿಗೆ ಬಂದದ್ದು ಈ ಮಿನಿಗೇಮುಗಳು. ಇಸ್ಪೇಟಿನ ಬದಲು ಚೆನ್ನೆ ಇಟ್ಟರೆ ಹೇಗೆ ಎಂದು ಅವನಿಗೆ ತೋಚಿ, ಮಾಡಿಯೂ ಆಗಿತ್ತು. ಆದರೆ ಪರೀಕ್ಷೆಗೆ ಆಡಿದವರು ಚೆನ್ನೆ ಬಂದ ಕೂಡಲೇ ದಾಟಿಸುವ ಬಟನ್ ಒತ್ತಿ ಮುಂದೆ ಹೋಗುತ್ತಾರಂತೆ.

"ತೋರಿಸು ಮಾರಾಯ" ಎಂದೆ. ಲ್ಯಾಪ್‌ಟಾಪು ತೆರೆದ. ಚಿತ್ರವೇನೋ ಚಂದ ಇತ್ತು, ಸುಳ್ಳು ಹೇಳಬಾರದು. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಳು, ಎಲ್ಲ ಸರಿ. ನಮ್ಮ ಮನೆಯ ಕ್ರಮವನ್ನೇ ಹಾಕಿದ್ದ. ಒಂದು ಗುಳಿಯದ್ದನ್ನು ಎತ್ತಿ ಒಂದೊಂದಾಗಿ ಬಿಡುತ್ತಾ ಹೋಗುವುದು, ಕೈ ಖಾಲಿಯಾದರೆ ಮುಂದಿನ ಗುಳಿಯದ್ದನ್ನು ಎತ್ತುವುದು, ಮುಂದಿನದ್ದು ಖಾಲಿ ಇದ್ದರೆ ಅದರಾಚೆಯದ್ದು ನಮಗೆ. ನಡುವೆ ನಮ್ಮ ಬದಿಯ ಗುಳಿಯಲ್ಲಿ ನಾಲ್ಕಾದರೆ ಪೆರ್ಗ, ಅದೂ ನಮಗೇ. ಆದರೆ ಪ್ರತಿ ಗುಳಿಯ ಮೇಲೆ ಎಷ್ಟು ಕಾಳು ಉಂಟೆಂದು ಅಂಕೆ ಬರೆದಿದ್ದ. ನಾನು ಮೊದಲು ತೆಗೆಸಿದ್ದು ಅದನ್ನು. ಚೆನ್ನೆ ಆಡುವವರು ಎಣಿಸುವುದುಂಟಾ? ಬೆರಳಲ್ಲಿ ಎಣಿಸಿದರೆ ನನ್ನ ಅಮ್ಮ ಕೈಗೆ ಒಂದು ಬಿಡುತ್ತಿದ್ದಳು. ಕಣ್ಣಲ್ಲಿ ಅಂದಾಜು, ಕೈಗೆ ಬಂದಾಗ ತೂಕ, ಬೀಳುವಾಗ ಸದ್ದು. ಆಟ ಇರುವುದೇ ಅಲ್ಲಿ. ಅಂಕೆ ಹಾಕಿದರೆ ಅದು ಸೊಸೈಟಿಯ ಲೆಕ್ಕದ ಪುಸ್ತಕ ಆಯಿತು.

ಇದು ಸಣ್ಣ ತಪ್ಪು, ದೊಡ್ಡದು ಬೇರೆ ಇತ್ತು. ಚೆನ್ನೆಗೆ ಕೂತ ಕೂಡಲೇ ಅವನ ಹಡಗು ನಿಂತುಬಿಡುತ್ತಿತ್ತು. ಗಾಳಿ ಇಲ್ಲ, ಬಾಯ್ಲರಿನ ಸದ್ದಿಲ್ಲ. ಆಟ ಮುಗಿದು ಎದ್ದರೆ ಎಲ್ಲ ಮೊದಲು ಇದ್ದ ಹಾಗೆಯೇ. ಹಾಗಾದರೆ ಯಾಕೆ ಆಡಬೇಕು ಹೇಳಿ.

ಅವನಿಗೂ ಇದು ಗೊತ್ತಿಲ್ಲದ್ದಲ್ಲ. ಬಯೋಶಾಕ್ ಎಂಬ ಆಟದ ಸಂಗತಿ ಹೇಳಿದ. 2007ರಲ್ಲಿ ಬಂದ ಮೊದಲನೆಯದರಲ್ಲಿ ಯಂತ್ರವನ್ನು ವಶಮಾಡಲು ಕೊಳವೆ ಜೋಡಿಸುವ ಸಣ್ಣ ಆಟ. ಜೋಡಿಸುವಷ್ಟು ಹೊತ್ತು ಹೊರಗಿನ ಶತ್ರುಗಳು ಕಲ್ಲಿನ ಹಾಗೆ ನಿಂತಿರುತ್ತಾರೆ. 2010ರಲ್ಲಿ ಎರಡನೆಯದು ಬಂದಾಗ ಅದನ್ನು ಬದಲಾಯಿಸಿದರಂತೆ. ಒಂದು ಮುಳ್ಳು ಅತ್ತಿತ್ತ ಓಡುತ್ತದೆ, ಹಸಿರು ಜಾಗಕ್ಕೆ ಬಂದಾಗ ನಿಲ್ಲಿಸಬೇಕು, ಅಷ್ಟರಲ್ಲಿ ಶತ್ರು ಬೆನ್ನಿಗೆ ಬಂದರೂ ಬಂದ. ಇನ್ನೊಂದು ವಿಚರ್ ಎಂಬ ಆಟ. 2015ರಲ್ಲಿ ಬಂದ ಅದರ ಮೂರನೆಯ ಭಾಗದಲ್ಲಿ ಗ್ವೆಂಟ್ ಎಂದು ಎಲೆಯಾಟ ಇಟ್ಟಿದ್ದರು. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ ಆಮೇಲೆ ಅದನ್ನೇ ಬೇರೆ ಆಟವಾಗಿ ತಂದರಂತೆ. ಊಟಕ್ಕಿಂತ ಉಪ್ಪಿನಕಾಯಿಗೇ ಗಿರಾಕಿ ಹೆಚ್ಚಾದ ಹಾಗೆ.

ನಾನು ಅವನಿಗೆ ಹೇಳಿದ್ದು ಅಬ್ಬಗ ದಾರಗರ ಸಂಗತಿ. ಸಿರಿ ಪಾಡ್ದನದ ಕೊನೆಗೆ ಬರುವ ಅವಳಿ ಹೆಣ್ಣುಮಕ್ಕಳು, ಸೊನ್ನೆಯ ಮಕ್ಕಳು. ಹರಕೆಯಿಂದ ಹುಟ್ಟಿದ ಮಕ್ಕಳು, ಹರಕೆ ಮರೆತ ತಂದೆತಾಯಿ. ದೊಡ್ಡವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಇಬ್ಬರೂ ಚೆನ್ನೆಗೆ ಕೂರುತ್ತಾರೆ. ಸೋಲು ಗೆಲುವಿನಲ್ಲಿ ಮಾತು ಬೆಳೆದು ಅಬ್ಬಗ ಅದೇ ಮಣೆಯಿಂದ ದಾರಗಳಿಗೆ ಹೊಡೆಯುತ್ತಾಳೆ. ದಾರಗ ಸಾಯುತ್ತಾಳೆ. ಅಬ್ಬಗ ಬಾವಿಗೆ ಹಾರುತ್ತಾಳೆ. ಇಷ್ಟು ದೊಡ್ಡ ಕಥೆ ಬಂದು ಮುಗಿಯುವುದು ಹದಿನಾಲ್ಕು ಗುಳಿಯ ಒಂದು ಮಣೆಯ ಮೇಲೆ. ನಮ್ಮಲ್ಲಿ ಅಕ್ಕತಂಗಿಯರು ಚೆನ್ನೆ ಆಡಬಾರದು ಎನ್ನುವುದು ಇದರಿಂದಲೇ.

ನನಗೆ ಇಬ್ಬರು ತಂಗಿಯರು. ಮಳೆಗಾಲದಲ್ಲಿ ಇಬ್ಬರ ಜೊತೆಗೂ ನಾನೇ ಆಡಬೇಕು, ಅದು ನನ್ನ ಡ್ಯೂಟಿ. ಒಮ್ಮೆ ನಾನು ಹಟ್ಟಿಯ ಬದಿ ಹೋದಾಗ ಇಬ್ಬರೇ ಕೂತು ಆಡಿದರು. ಅಮ್ಮ ನೇಜಿ ನೆಟ್ಟು ಗದ್ದೆಯಿಂದ ಬಂದವಳು ನೋಡಿದಳು. ಬೈಯುತ್ತಾಳೆ ಎಂದುಕೊಂಡೆವು, ಬೈಯಲಿಲ್ಲ. ಕೆಸರು ಕೈಯಲ್ಲೇ ಮಣೆ ಎತ್ತಿ ಒಳಗೆ ಇಟ್ಟು ಬಂದು ಹೊಸ್ತಿಲಲ್ಲಿ ಕೂತಳು. ಅವಳ ಕೈ ನಡುಗುತ್ತಿತ್ತು. ನನಗೆ ಆಗ ಅರ್ಥ ಆಗಲಿಲ್ಲ. ಮುಂದಿನ ವರ್ಷ ಗದ್ದೆಯಲ್ಲಿ ಅವಳ ಬಾಯಿಯಿಂದ ಆ ಭಾಗ ಪೂರ್ತಿ ಕೇಳಿದಾಗ ಗೊತ್ತಾಯಿತು. ಆ ಇಬ್ಬರು ತಂಗಿಯರಲ್ಲಿ ಸಣ್ಣವಳ ಮಗನೇ ಇವನು.

"ಹಾಗಾದರೆ ಮಾಮ, ಆ ಭಾಗವನ್ನು ನೀವು ಹಾಡಿ, ನಾನು ರೆಕಾರ್ಡು ಮಾಡುತ್ತೇನೆ. ಚೆನ್ನೆ ಬರುವಾಗ ಹಿಂದಿನಿಂದ ಕೇಳಲಿ" ಅಂದ.

ಆಗುವುದಿಲ್ಲ ಎಂದೆ. ಅವನ ಮುಖ ಸಣ್ಣದಾಯಿತು. ಸಿರಿಯನ್ನು ರೆಕಾರ್ಡು ಮಾಡಬಾರದು ಎಂದು ನನ್ನ ಅಭಿಪ್ರಾಯ ಅಲ್ಲ. ಉಜಿರೆಯ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಕೃಷಿಕರೇ. ಅವರು 1990ರಲ್ಲಿ ಫಿನ್‌ಲ್ಯಾಂಡಿನ ಲೌರಿ ಹೊಂಕೊ ಅವರ ಮುಂದೆ ಇಡೀ ಸಿರಿಯನ್ನು ಹಾಡಿದರು. ವಿವೇಕ ರೈ, ಚಿನ್ನಪ್ಪ ಗೌಡ ಸೇರಿ ದುಡಿದು 1998ರಲ್ಲಿ ಪುಸ್ತಕ ಬಂತು, 15,683 ಸಾಲು. ಅದರಿಂದ ನಮ್ಮಂಥವರಿಗೆ ಗೌರವ ಬಂತು. ಆದರೆ ಪುಸ್ತಕ ಬೇರೆ, ಆಟ ಬೇರೆ. ಸಿರಿ ಜಾತ್ರೆಯಲ್ಲಿ ಆ ಹೆಸರುಗಳು ಹೆಂಗಸರ ಮೈಮೇಲೆ ಬರುವಂಥವು. ಇವರ ಆಟದಲ್ಲಿ ಸತ್ತರೆ ಬಟನ್ ಒತ್ತಿ ಹಿಂದೆ ಹೋಗಿ ಮತ್ತೆ ಆಡಬಹುದು. ದಾರಗ ಒಂದು ಸಲ ಸಾಯುವುದು, ಆಡುವವನಿಗೆ ಮನಸ್ಸಿಲ್ಲದಿದ್ದರೆ ಏಳುವುದು, ಮತ್ತೆ ಸಾಯುವುದು. ಅದಕ್ಕೆ ನನ್ನ ಗಂಟಲು ಕೊಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಅವನು ಅರ್ಧ ದಿನ ಮಾತಾಡಲಿಲ್ಲ. ಅದೂ ಸರಿಯೇ, ಸೋದರಮಾವನಲ್ಲಿ ಸಿಟ್ಟು ಮಾಡದೆ ಮತ್ತಾರಲ್ಲಿ ಮಾಡುವುದು?

ಸಂಜೆಗೆ ಮಳೆ ಜೋರಾಯಿತು, ಕರೆಂಟು ಹೋಯಿತು. ಚಿಮಿಣಿ ದೀಪ ಇಟ್ಟು ನಾವಿಬ್ಬರೂ ಚೆನ್ನೆಗೆ ಕೂತೆವು. ಒಲೆಯ ಮೇಲೆ ಹಾಲಿತ್ತು. ಆಟದ ಜೋರಿನಲ್ಲಿ ಅದು ನೆನಪಾಗಿ ನಾನು ಏಳಹೊರಟರೆ, "ಎದ್ದರೆ ನಿಮ್ಮ ಸರದಿ ಹೋಯಿತು ಮಾಮ" ಅಂದ. ಕೂತೆ. ಹಾಲು ಉಕ್ಕಿತು. ಹೆಂಡತಿ ಇಬ್ಬರಿಗೂ ಸರೀ ಕೊಟ್ಟಳು.

"ಸಿಕ್ಕಿತು" ಅಂದ ಅವನು. ಹಡಗಿನ ಬಾಯ್ಲರ್ ಕೋಣೆಯಲ್ಲೇ ಚೆನ್ನೆ ಇಡುವುದು, ಒತ್ತಡದ ಮುಳ್ಳು ಏರುತ್ತಾ ಇರುವುದು. ಎದ್ದು ಹಬೆ ಬಿಟ್ಟರೆ ಸರದಿ ಹೋಗುತ್ತದೆ, ಏಳದಿದ್ದರೆ ಕೊಳವೆ ಒಡೆಯುತ್ತದೆ. ನಾನು ಅದಕ್ಕೊಂದು ಸೇರಿಸಿದೆ. ಮಂಜೊಟ್ಟಿಯ ಬದಲು ಹಡಗಿನದ್ದೇ ಹಿತ್ತಾಳೆಯ ನಟ್ಟುಗಳಲ್ಲಿ ಆಡಲಿ. ಗೆದ್ದ ನಟ್ಟು ಆ ಹುಡುಗಿಯ ಕೈಯಲ್ಲಿ ಉಳಿಯಲಿ, ಮುಂದೆ ರಿಪೇರಿಗೆ ಬೇಕಾದೀತು. ಆದರೆ ಎದುರು ಕೂತವನದ್ದು ಅಷ್ಟು ಕಡಿಮೆಯಾಯಿತಲ್ಲ, ಅವನು ನೋಡಿಕೊಳ್ಳುವ ಯಂತ್ರದಲ್ಲಿ ಅಷ್ಟು ಜಾಗ ಸಡಿಲಾಗಬೇಕು. ಚೆನ್ನೆಯಲ್ಲಿ ಕಾಳು ಎಲ್ಲಿಂದಲೋ ಹುಟ್ಟಿ ಬರುವುದಿಲ್ಲ, ಐವತ್ತಾರು ಅಂದರೆ ಐವತ್ತಾರೇ. ಅವನು ಇದನ್ನು ಫೋನಿನಲ್ಲಿ ಬರೆದುಕೊಂಡ. "ಸೋತವರು ಹಳೆಯ ಜಾಗಕ್ಕೆ ಹಿಂದೆ ಹೋಗಿ ಮತ್ತೆ ಆಡುತ್ತಾರೆ, ಅದನ್ನು ತಡೆದರೆ ಬೈಯುತ್ತಾರೆ" ಎಂದು ತಾನೇ ತಲೆ ಕೆರೆದುಕೊಂಡ. ಒಬ್ಬರೇ ಇರುವಾಗ ಆಡುವ ಸೀತೆ ಆಟವನ್ನೂ ತೋರಿಸಿದೆ. ಅಶೋಕವನದಲ್ಲಿ ಸೀತೆ ಆಡಿದ್ದೆಂದು ಹೇಳುತ್ತಾರೆ. ಎದುರಾಳಿ ಇಲ್ಲದ ರಾತ್ರಿಗಳು ಅವನ ಕಥೆಯಲ್ಲೂ ಉಂಟಂತೆ.

ಕಲ್ಲಿದ್ದಲು ಹಾಕುವ ಆಟಕ್ಕೆ ನಾನು ಹಾಡು ಕೊಟ್ಟೆ, ನೇಜಿಯ ಒಂದು ಓಬೇಲೆ. ಅಲ್ಲಿಯೂ ಜಗಳವೇ. ತಾಳ ಒಂದೇ ಸಮ ಇಟ್ಟು, ಅದಕ್ಕೆ ಸರಿಯಾಗಿ ಬಟನ್ ಒತ್ತದಿದ್ದರೆ ತಪ್ಪು ಎಂದು ಮಾಡಿದ್ದರು. ಗದ್ದೆಯಲ್ಲಿ ಹಾಗಲ್ಲ. ಕೈ ಹೋದ ಹಾಗೆ ಹಾಡು ಹೋಗುತ್ತದೆ. ಮಧ್ಯಾಹ್ನಕ್ಕೆ ಸೊಂಟ ನೋಯುವಾಗ ಹಾಡೂ ನಿಧಾನ, ಹೇಳಿಕೊಡುವವಳು ಅದನ್ನು ನೋಡಿ ಸ್ವಲ್ಪ ಎಳೆಯುತ್ತಾಳೆ, ಆಗ ಕೈಗಳು ಮತ್ತೆ ಏಳುತ್ತವೆ. ಒಮ್ಮೆ ಕೈ ಮುಂದೆ, ಒಮ್ಮೆ ಹಾಡು ಮುಂದೆ. ಆಡುವವರು ದಣಿದರೆ ಹಾಡು ಕಾಯಬೇಕು ಎಂದೆ. ಆಫೀಸಿನಲ್ಲಿ ಹೇಳಿ ನೋಡುತ್ತೇನೆ ಎಂದ.

ಆಟಿ ಮುಗಿದ ದಿನ ಮಣೆ ಒರೆಸಿ ಅಟ್ಟಕ್ಕೆ ಹಾಕುವಾಗ ಕಾಳು ಎಣಿಸಿದೆ. ಐವತ್ತೈದು ಇತ್ತು. ಫೋನು ಮಾಡಿ ಕೇಳಿದರೆ, ಒಂದನ್ನು ಆಫೀಸಿನಲ್ಲಿ ತೋರಿಸಲಿಕ್ಕೆ ಎಂದು ಕಿಸೆಗೆ ಹಾಕಿಕೊಂಡದ್ದಂತೆ. ಬರುವ ಆಟಿಗೆ ಮೊದಲು ತಂದು ಕೊಡು ಎಂದು ಹೇಳಿದ್ದೇನೆ.